ಗುಂಡು ಹಾರಿಸುವ ಮುನ್ನ ಬಹಳ ಹೊತ್ತು ನೋಡಬೇಕು

ಪ್ರಶ್ನೆ: ನನ್ನ ತಮ್ಮ ಎಚ್‌–1ಬಿ ವೀಸಾದಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದಾನೆ. ಬರುವ ವಸಂತದಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ರಸ್ತೆಯಿಲ್ಲದ ಬೆಟ್ಟಗಾಡಿನಲ್ಲಿ ಐದು ದಿನ ಬಿಡಾರ ಹೂಡಿ ಕಪ್ಪು ಕರಡಿಯ ಬೇಟೆಯಾಡುವುದಾಗಿ ಹೇಳುತ್ತಿದ್ದಾನೆ. ಇದು ಅವನ ಮೊದಲ ಬೇಟೆ. ಇದಕ್ಕೆ ಕಾನೂನಿನ ಒಪ್ಪಿಗೆ ಇದೆಯೇ? ಸಿದ್ಧತೆ ಹೇಗಿರಬೇಕು? ಚರ್ಮವನ್ನು ಊರಿಗೆ ತರಬಹುದೇ? ಅವ್ವ ಬಹಳ ಗಾಬರಿಯಾಗಿದ್ದಾರೆ.
— ಓದುಗರೊಬ್ಬರು, ಕಲಬುರಗಿ

ಉತ್ತರ: ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕರಡಿಯ ಬೇಟೆ ಅಪರಾಧ, ದರೋಜಿಯಲ್ಲಿ ಕರಡಿಗೆಂದೇ ಧಾಮವಿದೆ. ಹೀಗಿರುವಾಗ ನಿಮ್ಮ ತಾಯಿಯವರ ಗಾಬರಿ ಸಹಜವೇ. ಆದರೆ ಮೊಂಟಾನಾದಲ್ಲಿ ಪರವಾನಗಿ ಪಡೆದವರು ಕಪ್ಪು ಕರಡಿಯನ್ನು ಬೇಟೆಯಾಡಬಹುದು. ವಸಂತದ ಬೇಟೆ ಏಪ್ರಿಲ್ 15ರಂದು ಆರಂಭವಾಗುತ್ತದೆ, ಮುಗಿಯುವ ದಿನ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. 1985ರ ಜನವರಿ 1ರ ನಂತರ ಹುಟ್ಟಿದವರು ಬೇಟೆಗಾರರ ತರಬೇತಿ ಮುಗಿಸಿರಬೇಕು. ಕರಡಿಗಳನ್ನು ಗುರುತಿಸುವ ಪರೀಕ್ಷೆಯಲ್ಲಿ ಎಲ್ಲರೂ ತೇರ್ಗಡೆಯಾಗಲೇಬೇಕು.

ನಿಮ್ಮ ತಮ್ಮನಿಗೆ ಇನ್ನೊಂದು ತೊಡಕಿದೆ. ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ; ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ಇದರಿಂದ ವಿನಾಯಿತಿಯಿದೆ. ಆದ್ದರಿಂದ ಪರವಾನಗಿ ಕೈಗೆ ಬರುವ ತನಕ ಆತ ಗೆಳೆಯರ ರೈಫಲನ್ನು ಅಭ್ಯಾಸಕ್ಕೆಂದೂ ಹಿಡಿಯಬಾರದು.

ಗುರುತಿಸುವ ಪರೀಕ್ಷೆಯನ್ನು ಬರೀ ಔಪಚಾರಿಕತೆ ಎಂದುಕೊಳ್ಳಬೇಡಿ. ಮೊಂಟಾನಾದಲ್ಲಿ ಗ್ರಿಜ್ಲಿ ಕರಡಿಯೂ ಇದೆ, ಅದು 1975ರಿಂದ ಸಂರಕ್ಷಿತ ಪ್ರಾಣಿ. ಕಪ್ಪು ಕರಡಿ ಕಂದು ಬಣ್ಣದ್ದೂ ದಾಲ್ಚಿನ್ನಿಯ ಬಣ್ಣದ್ದೂ ಇರಬಹುದಾದ್ದರಿಂದ ಮೈಬಣ್ಣವನ್ನು ನಂಬುವಂತಿಲ್ಲ. ಭುಜದ ಮೇಲೆ ಡುಬ್ಬವಿದೆಯೇ, ಹಣೆಯಿಂದ ಮೂಗಿನವರೆಗೆ ಮುಖ ತಗ್ಗಾಗಿದೆಯೇ, ಕಿವಿ ಗಿಡ್ಡವಾಗಿವೆಯೇ, ಮುಂಗಾಲಿನ ಉಗುರು ಉದ್ದವೇ ಎಂದು ಒಟ್ಟಾಗಿ ನೋಡಬೇಕು, ಏಕೆಂದರೆ ಇವೆಲ್ಲ ಗ್ರಿಜ್ಲಿಯ ಲಕ್ಷಣಗಳು.

ಗವಿಯಿಂದ ಹೊರಬಂದ ಕರಡಿಗೆ ಮೊದಲು ಬೇಕಾಗುವುದು ಎಳೆಯ ಹುಲ್ಲು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಹಿಮ ಬೇಗ ಕರಗಿ ಹಸಿರು ಮೊದಲು ಕಾಣುವುದರಿಂದ, ಅದರ ಎದುರಿನ ದಿಣ್ಣೆಯ ಮೇಲೆ ಸಂಜೆ ದುರ್ಬೀನು ಹಿಡಿದು ಕುಳಿತುಕೊಳ್ಳುವುದೇ ಈ ಬೇಟೆಯ ಮುಖ್ಯ ಕೆಲಸ. ನಿಮ್ಮ ಭಾಗದಲ್ಲಿ ತೊಗರಿ ಹೊಲದ ಅಟ್ಟಣಿಗೆಯಲ್ಲಿ ಕುಳಿತು ಹಂದಿ ಕಾಯುವವರಿಗಿರುವ ಸಹನೆಯೇ ಇಲ್ಲಿಯೂ ಬೇಕು. ನಾನು ಅಲ್ಲಿದ್ದಾಗ ಒಂದು ಸಂಜೆ ಗೆಳೆಯರೊಬ್ಬರ ಪಕ್ಕದಲ್ಲಿ ಕುಳಿತಿದ್ದೆ. ಒಂಟಿ ಕರಡಿಯೊಂದು ದನದಂತೆ ತಲೆ ತಗ್ಗಿಸಿ ಹುಲ್ಲು ಮೇಯುತ್ತಿತ್ತು. ಗೆಳೆಯರು ರೈಫಲ್ ಮುಟ್ಟದೆ ನೋಡುತ್ತಲೇ ಇದ್ದರು. ಸುಮಾರು ನಲವತ್ತು ನಿಮಿಷದ ಮೇಲೆ ಅಂಚಿನ ಪೈನ್ ಮರದಿಂದ ಎರಡು ಮರಿಗಳು ಹಿಂದುಹಿಂದಾಗಿ ಜಾರಿ ಇಳಿದವು. ಗೆಳೆಯರು ದುರ್ಬೀನನ್ನು ಚೀಲಕ್ಕೆ ಹಾಕಿಕೊಂಡರು. ಮರಿಗಳ ಜೊತೆಗಿರುವ ಹೆಣ್ಣನ್ನು ಹೊಡೆಯುವುದು ಅಲ್ಲಿ ಕಾನೂನುಬಾಹಿರ. ಕಾನೂನು ಇಲ್ಲದಿದ್ದರೂ ಹೊಡೆಯಬಾರದು ಎಂದೇ ನನ್ನ ಅಭಿಪ್ರಾಯ. ಅನುಮಾನ ಉಳಿದರೆ ಬರಿಗೈಯಲ್ಲಿ ಮರಳುವಂತೆ ತಮ್ಮನಿಗೆ ಈಗಲೇ ತಿಳಿಸಿರಿ.

ಹಿಮ ಕರಗುವ ಕಾಲದಲ್ಲಿ ಹಳ್ಳಗಳು ಬಿಸಿಲೇರಿದಂತೆ ತುಂಬುವುದರಿಂದ ಅವುಗಳನ್ನು ಬೆಳಿಗ್ಗೆಯೇ ದಾಟಬೇಕು. ಮೆಣಸಿನ ಖಾರದ ಕರಡಿ ಸ್ಪ್ರೇ ಚೀಲದೊಳಗಲ್ಲ, ಸೊಂಟದಲ್ಲಿರಲಿ. ಆಹಾರವನ್ನು ಬಿಡಾರದಿಂದ ದೂರದ ಮರಕ್ಕೆ ಎತ್ತರದಲ್ಲಿ ತೂಗುಹಾಕಬೇಕು. ಕರಡಿ ಬಿದ್ದ ಮೇಲೆ ಅದೇ ರಾತ್ರಿ ಚರ್ಮ ಸುಲಿದು ಮಾಂಸವನ್ನು ತಂಪುಗೊಳಿಸಿ ಬೆನ್ನಿನ ಮೇಲೆ ಹೊತ್ತು ತರಬೇಕಾಗುತ್ತದೆ. ಇಬ್ಬರು ಸೇರಿದರೂ ಇದನ್ನೆಲ್ಲ ಒಂದೇ ಸಲಕ್ಕೆ ಹೊತ್ತು ತರಲಾಗದಿರಬಹುದು. ಹೀಗಾಗಿ ಮೊದಲ ಬೇಟೆಗೆ ವಾಹನದಿಂದ ಬಹಳ ದೂರ ಹೋಗುವುದು ಬೇಡ.

ಚರ್ಮವನ್ನು ಕಲಬುರಗಿಗೆ ತರುವ ಆಸೆ ಬಿಡಲಿ. ಕಪ್ಪು ಕರಡಿ, ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ಅನುಮತಿಯಿಲ್ಲದೆ ಅದರ ಯಾವ ಭಾಗವನ್ನೂ ಗಡಿ ದಾಟಿಸುವಂತಿಲ್ಲ. ಮಾಂಸವನ್ನು ಅಲ್ಲಿಯೇ ಉಣ್ಣಬಹುದು, ಆದರೆ ಅದರಲ್ಲಿ ಟ್ರೈಕಿನೆಲ್ಲಾ ಎಂಬ ಹುಳುವಿರುವ ಸಾಧ್ಯತೆಯಿದೆ. ಕರಡಿ ಮಾಂಸದಲ್ಲಿರುವ ಈ ಹುಳುವಿನ ಕೆಲವು ಜಾತಿಗಳು ಫ್ರೀಜರಿನಲ್ಲಿಟ್ಟರೂ ಸಾಯುವುದಿಲ್ಲ. ಉಪ್ಪು ಹಚ್ಚುವುದನ್ನಾಗಲಿ ಹೊಗೆ ಕೊಡುವುದನ್ನಾಗಲಿ ನಂಬದೆ, ತುಂಡಿನ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಬೇಯಿಸಬೇಕು. ಅಡುಗೆ ಥರ್ಮಾಮೀಟರೊಂದನ್ನು ಈಗಲೇ ಕೊಂಡಿಟ್ಟುಕೊಳ್ಳಲಿ.