ರಿಂಗ್ ರೋಡ್ ಆಚೆ ಮತ್ತೊಂದು ರಿಂಗ್ ರೋಡ್!

ಪ್ರಶ್ನೆ: ಬೆಂಗಳೂರಿಗೆ ಔಟರ್ ರಿಂಗ್ ರೋಡ್ ಇದ್ದೇ ಇದೆ. ಈಗ ಅದರಾಚೆ ಸುತ್ತಲಿನ ಪಟ್ಟಣಗಳನ್ನು ಜೋಡಿಸುವ ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಅಂತೆ. ಇದರಿಂದ ಊರೊಳಗಿನ ಟ್ರಾಫಿಕ್ ಕಡಿಮೆಯಾಗುತ್ತದಾ, ಸುಮ್ನೆ ದುಡ್ಡು ದಂಡವಾ?
– ಓದುಗರೊಬ್ಬರು, ಹೊಸಕೋಟೆ

ಉತ್ತರ: ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ನೀವು ಅಂದುಕೊಂಡಷ್ಟಲ್ಲ. ತುಮಕೂರು ಕಡೆಯಿಂದ ಹೊಸೂರಿಗೆ ಹೊರಟ ಲಾರಿಗೆ ಬೆಂಗಳೂರಲ್ಲಿ ಏನು ಕೆಲಸ? ಬೈಪಾಸ್ ಬೇಕಿರುವುದು ಅದಕ್ಕೆ. ಜಯನಗರದಿಂದ ವೈಟ್‌ಫೀಲ್ಡ್‌ಗೆ ಆಫೀಸಿಗೆ ಹೋಗುವವರಿಗೆ ಅದರಿಂದ ಏನೂ ಆಗಬೇಕಿಲ್ಲ. ಅವರಿಗೆ ಬಸ್ಸು, ಮೆಟ್ರೊ ಬೇಕು. ಹಾಗಾಗಿ ಟ್ರಾಫಿಕ್ ಎಷ್ಟು ಕಡಿಮೆಯಾಗುತ್ತದೆ ಅಂತ ತಿಳಿಯಲು ಬರೀ ಗಾಡಿ ಎಣಿಸಿದರೆ ಸಾಲದು, ರಸ್ತೆ ಬದಿಯಲ್ಲಿ ನಿಲ್ಲಿಸಿ 'ಎಲ್ಲಿಂದ ಬಂದ್ರಿ, ಎಲ್ಲಿಗೆ ಹೊರಟ್ರಿ' ಅಂತ ಕೇಳುವ ಸರ್ವೆಯೂ ಆಗಬೇಕು.

ಸುಮಾರು 60 ಕಿ.ಮೀ. ಉದ್ದದ ಔಟರ್ ರಿಂಗ್ ರೋಡನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಕಟ್ಟಿಸಿದ್ದೂ ಲಾರಿಗಳು ಊರಾಚೆಯೇ ಹೋಗಲಿ ಅಂತಲೇ. ಆಮೇಲೆ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಐಟಿ ಪಾರ್ಕ್‌ಗಳು ಎದ್ದವು, ಮಾಲ್ ಬಂತು, ಅಪಾರ್ಟ್‌ಮೆಂಟ್ ಬಂತು, ಒಂದೊಂದು ಗೇಟಿನಿಂದಲೂ ಕಾರುಗಳು ಅದೇ ರಸ್ತೆಗೆ ಇಳಿದವು. ಬೈಪಾಸ್ ಹೋಗಿ ಪೇಟೆ ಬೀದಿಯಾಯಿತು, ಅಲ್ವಾ?

ಹೊಸದು ಸುಮಾರು 280 ಕಿ.ಮೀ. ಉದ್ದದ್ದು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ನಡುವಿನ ಭಾಗ 2024ರಲ್ಲಿ ಉದ್ಘಾಟನೆಯಾಯಿತು. ದೂರ ಜಾಸ್ತಿಯಾದರೂ ಲಾರಿಯವರು ಬರುತ್ತಾರೆ, ಡೀಸೆಲ್ಲು, ಟೋಲು, ಸಮಯ ಮೂರೂ ಲೆಕ್ಕಕ್ಕೆ ಸರಿಹೋಗಬೇಕು ಅಷ್ಟೇ. ನನ್ನ ಭಯ ಬೇರೆ: ಅಕ್ಕಪಕ್ಕದ ಲೇಔಟಿನವರಿಗೆಲ್ಲ ನೇರ ದಾರಿ ಬಿಟ್ಟುಕೊಟ್ಟರೆ ಇದೂ ಔಟರ್ ರಿಂಗ್ ರೋಡೇ. ಅವರಿಗೆ ಸರ್ವೀಸ್ ರಸ್ತೆ ಇರಲಿ.