ಮಳೆಗಾಲದಲ್ಲಿ ಕರೆಂಟ್ ಹೋದಾಗಲೇ ನಮ್ಮ ಪೆಟ್ರೋಲ್ ಜನರೇಟರ್ ಸ್ಟಾರ್ಟ್ ಆಗುವುದಿಲ್ಲ. ಏನು ಮಾಡಲಿ?

ನನ್ನ ಮೊದಲ ಅನುಮಾನ ಬೇಸಿಗೆಯಿಂದ ಟ್ಯಾಂಕಿನಲ್ಲೇ ಉಳಿದ ಪೆಟ್ರೋಲ್ ಮೇಲೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ತೀರ್ಥಹಳ್ಳಿ, ಆಗುಂಬೆ ಕಡೆಯ ಜಡಿಮಳೆಯಲ್ಲಿ ಕೇಳಬೇಕೇ, ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ! ಜೊತೆಗೆ ಹಳೆ ಪೆಟ್ರೋಲ್ ಅಂಟಾಗಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು) ಕಟ್ಟಿಕೊಳ್ಳುತ್ತದೆ. ಎಂಜಿನ್ ತಣ್ಣಗಿರುವಾಗ ಟ್ಯಾಂಕ್ ಖಾಲಿ ಮಾಡಿ. ಕಾರ್ಬ್ಯುರೇಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಅದರಲ್ಲಿರುವುದನ್ನೂ ಬಸಿದು, ಹೊಸ ಪೆಟ್ರೋಲ್ ಹಾಕಿ. ಚೋಕ್ ಹಾಕಿದಾಗ ಮಾತ್ರ ಓಡಿ, ತೆಗೆದ ಕೂಡಲೇ ನಿಂತರೆ ಹೆಚ್ಚಾಗಿ ಜೆಟ್ಟೇ ಕಟ್ಟಿರುತ್ತದೆ. ಬಿಚ್ಚಿ ತೊಳೆಯಬೇಕು.

ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಒದ್ದೆಯಾಗಿದ್ದರೆ, ಕಪ್ಪಾಗಿದ್ದರೆ ಒರೆಸಿ ಹಾಕಿ, ಸಾಕು.

ಇನ್ನೊಂದು, ನಮ್ಮೂರ ಇಳಿಜಾರು. ಆಯಿಲ್ ಸೆನ್ಸರ್ ಇರುವ ಜನರೇಟರನ್ನು ಓರೆಯಾಗಿ ಇಟ್ಟರೆ, ಆಯಿಲ್ ಇದ್ದರೂ ಇಲ್ಲ ಅಂದುಕೊಂಡು ಸ್ಟಾರ್ಟ್ ಆಗಲು ಬಿಡುವುದಿಲ್ಲ. ಅಂಗಳದಲ್ಲಿ ಅರ್ಧ ಗಂಟೆ ಸುಮ್ನೆ ಹಗ್ಗ ಎಳೆದ ಮೇಲೆ ನನಗೆ ಇದು ಹೊಳೆದಿದ್ದು! ಸಮತಟ್ಟಾದ ಜಾಗದಲ್ಲಿಟ್ಟು ಆಯಿಲ್ ನೋಡಿ.

ಮಳೆ ಅಂತ ಕೊಟ್ಟಿಗೆಯೊಳಗೋ ಜಗುಲಿಯಲ್ಲೋ ಇಟ್ಟು ಮಾತ್ರ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಗೊತ್ತಾಗುವಷ್ಟರಲ್ಲಿ ಜೀವ ಹೋಗಿರುತ್ತದೆ.