ಕಾನೂನು ಸಲಹೆ: ಕೈಸಾಲ ವಸೂಲಿಗೆ ನೋಟಿಸ್ ಬರೆಯುವ ಮುನ್ನ

ಪ್ರಶ್ನೆ: ನಾನು ನಿವೃತ್ತ ನೌಕರ. ಜೊತೆಯಲ್ಲಿ ಕೆಲಸ ಮಾಡಿದ ಮಿತ್ರರೊಬ್ಬರು ಮಗಳ ಮದುವೆಗೆಂದು ಕೇಳಿದಾಗ, 2024ರ ಫೆಬ್ರವರಿ 12ರಂದು ಬ್ಯಾಂಕ್ ಖಾತೆಯ ಮೂಲಕ 3,00,000 ರೂಪಾಯಿ ಕೈಸಾಲ ಕೊಟ್ಟೆ. ಪತ್ರ ಬರೆಸಿಕೊಳ್ಳಲಿಲ್ಲ. ಖಾತ್ರಿಗೆಂದು ಅಷ್ಟೇ ಮೊತ್ತದ ಚೆಕ್ಕಿಗೆ ಸಹಿ ಹಾಕಿ, ತಾರೀಕು ಬರೆಯದೆ ಕೊಟ್ಟಿದ್ದಾರೆ. ಆ ವರ್ಷದ ದೀಪಾವಳಿಗೆ 40,000 ರೂಪಾಯಿ ಯುಪಿಐ ಮೂಲಕ ಬಂತು. ಆಮೇಲೆ ಬಂದದ್ದು ‘ಯುಗಾದಿ ಕಳೆಯಲಿ ಸಾರ್’ ಎಂಬ ವಾಟ್ಸ್ಯಾಪ್ ಸಂದೇಶ ಮಾತ್ರ. ನಾನೇ ಬರೆದ ನೋಟಿಸಿನ ಕರಡು ಲಗತ್ತಿಸಿದ್ದೇನೆ. ಕಳುಹಿಸಬಹುದೇ?
— ಹೆಸರು ಬೇಡ, ರಾಜಾಜಿನಗರ

ಉತ್ತರ: ಕರಡನ್ನು ಓದಿದೆ, ದಯವಿಟ್ಟು ಈ ರೂಪದಲ್ಲಿ ಕಳುಹಿಸಬೇಡಿ. ‘ಏಳು ದಿನದಲ್ಲಿ ಹಣ ಬಾರದಿದ್ದರೆ ಪೊಲೀಸರಿಗೆ ದೂರು ಕೊಟ್ಟು, ನಿಮ್ಮ ಬೀಗರ ಮನೆಗೂ ಸುದ್ದಿ ಮುಟ್ಟಿಸುತ್ತೇನೆ’ ಎಂಬ ವಾಕ್ಯವನ್ನು ಬರೆಯುವಾಗ ನಿಮಗೆ ಸಮಾಧಾನವಾಗಿರಬಹುದು, ಆದರೆ ನಾಳೆ ಎದುರು ಪಕ್ಷದ ವಕೀಲರು ನ್ಯಾಯಾಧೀಶರ ಮುಂದೆ ಆ ವಾಕ್ಯವನ್ನೇ ಮೊದಲು ಓದಿ, ಸಾಲದ ಮಾತನ್ನು ಬೆದರಿಕೆಯ ಮಾತಾಗಿ ತಿರುಗಿಸುತ್ತಾರೆ. ಅದರ ಜಾಗದಲ್ಲಿ ಹೀಗೆ ಬರೆದರೆ ಸಾಕು: ‘ತಾವು ದಿನಾಂಕ 12-02-2024ರಂದು ಬ್ಯಾಂಕ್ ವರ್ಗಾವಣೆಯ ಮೂಲಕ ನನ್ನಿಂದ ಪಡೆದ 3,00,000 ರೂ.ಗಳ ಪೈಕಿ 40,000 ರೂ. ಮರುಪಾವತಿಸಿದ್ದು, ಬಾಕಿ 2,60,000 ರೂ.ಗಳನ್ನು ಈ ನೋಟಿಸ್ ತಲುಪಿದ 15 ದಿನಗಳೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ನೋಟಿಸಿನ ದಿನಾಂಕದಿಂದ ಬಡ್ಡಿ ಸಹಿತ ವಸೂಲಿಗೆ ದಾವೆ ಹೂಡಲಾಗುವುದು.’ ಬಡ್ಡಿಯ ಮಾತನ್ನು ಅಲಂಕಾರಕ್ಕೆ ಸೇರಿಸಿದ್ದಲ್ಲ. ಲಿಖಿತ ಕರಾರಿಲ್ಲದ ಸಾಲದಲ್ಲಿ, ಬಡ್ಡಿ ಕೇಳುತ್ತೇನೆಂದು ನೋಟಿಸಿನಲ್ಲಿ ತಿಳಿಸಿದ ದಿನದಿಂದ ದಾವೆ ಹೂಡುವವರೆಗಿನ ಅವಧಿಗೆ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ಅವಕಾಶವಿದೆ.

ಇನ್ನು ಕಾಲಮಿತಿ. ನೋಟಿಸ್ ಕೊಟ್ಟ ಮೇಲೆ ಕಾಲ ನಿಲ್ಲುತ್ತದೆ ಎಂದು ನನ್ನ ಬಳಿ ಬರುವವರಲ್ಲಿ ಅರ್ಧದಷ್ಟು ಜನ ನಂಬಿರುತ್ತಾರೆ; ಅದು ನಿಲ್ಲುವುದಿಲ್ಲ. 1963ರ ಕಾಲಮಿತಿ ಕಾಯ್ದೆಯಂತೆ ಕೈಸಾಲದ ದಾವೆಗೆ ಸಾಲ ಕೊಟ್ಟ ದಿನದಿಂದ ಮೂರು ವರ್ಷ, ಅಂದರೆ ನಿಮಗೆ 2027ರ ಫೆಬ್ರವರಿ 12. ಭಾಗಶಃ ಪಾವತಿಯಿಂದ ಹೊಸ ಅವಧಿ ಆರಂಭವಾಗುವುದುಂಟು, ಆದರೆ ಕೊಟ್ಟವರ ಕೈಬರಹ ಅಥವಾ ಸಹಿಯಿರುವ ಬರಹ ಅದಕ್ಕೆ ಬೇಕಾಗುವುದರಿಂದ ಯುಪಿಐ ಪಾವತಿಯೊಂದನ್ನೇ ನೆಚ್ಚಿ ಕೂರಬೇಡಿ. ‘ಯುಗಾದಿ ಕಳೆಯಲಿ’ ಎಂಬುದರಲ್ಲಿ ಸಾಲದ ಹೆಸರೂ ಇಲ್ಲ, ಮೊತ್ತವೂ ಇಲ್ಲ (ಯಾವ ವರ್ಷದ ಯುಗಾದಿ ಎಂಬುದೂ ಇಲ್ಲ!). ಅವರು ಮಾತಿಗೆ ಸಿಕ್ಕರೆ, ಬಾಕಿ ಇಷ್ಟಿದೆ ಎಂದು ಒಪ್ಪಿ ಸಹಿ ಹಾಕಿದ ಒಂದು ಹಾಳೆ ಪಡೆಯಿರಿ. ಅವಧಿ ಮುಗಿಯುವ ಮೊದಲು ಅದು ಕೈಸೇರಿದರೆ ಸಹಿಯ ದಿನದಿಂದ ಮತ್ತೆ ಮೂರು ವರ್ಷ ಸಿಗುತ್ತದೆ. ಸಂದೇಶಗಳನ್ನು ಮಾತ್ರ ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಮಾರಬೇಡಿ.

ಚೆಕ್ಕಿನ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಸಾಮಾನ್ಯ ಸಾಲದ ದಾವೆಗೆ ನೋಟಿಸ್ ಕಡ್ಡಾಯವೇನಲ್ಲ, ಚೆಕ್ ಬೌನ್ಸ್ ದೂರಿಗೆ ಕಡ್ಡಾಯ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಕೊಡಬೇಕು, ಅದು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ, ಅದೂ ಕಳೆದರೆ ಒಂದು ತಿಂಗಳೊಳಗೆ ನ್ಯಾಯಾಲಯಕ್ಕೆ ದೂರು. ಆದರೆ ನಿಮಗೆ 40,000 ರೂಪಾಯಿ ಈಗಾಗಲೇ ಬಂದಿದೆ. ಹೀಗೆ ಭಾಗಶಃ ಹಣ ಪಡೆದ ಮೇಲೆ ಪೂರ್ತಿ ಮೊತ್ತಕ್ಕೇ ಚೆಕ್ ಹಾಕಿಸಿದರೆ ಚೆಕ್ ಬೌನ್ಸ್ ಕುರಿತಾದ ಕಲಂ 138ರ ಅಪರಾಧ ನಿಲ್ಲುವುದಿಲ್ಲವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಬಂದಿರುವ ಹಣವನ್ನು ಚೆಕ್ಕಿನ ಮೇಲೆ ನಮೂದಿಸಿ ಉಳಿದ ಮೊತ್ತಕ್ಕೆ ಹಾಕುವ ದಾರಿ ಇದೆ. 2,60,000 ರೂಪಾಯಿಗೆ ಹೊಸ ಚೆಕ್ ಕೇಳಿ ಪಡೆಯುವುದು ಅದಕ್ಕಿಂತ ಸಲೀಸು. ಚೆಕ್ ಬೌನ್ಸ್ ನೋಟಿಸಿನಲ್ಲಿಯೂ ಚೆಕ್ಕಿನ ಮೊತ್ತವೇ ಇರಬೇಕು, ಒಂದು ರೂಪಾಯಿ ಹೆಚ್ಚುಕಡಿಮೆಯಾಗಕೂಡದು.

ನೋಟಿಸನ್ನು ನೀವೇ ಸಹಿ ಹಾಕಿ ಕಳುಹಿಸಬಹುದು. ಚೆಕ್ ಇರುವ ಕಾರಣಕ್ಕೆ ವಕೀಲರಿಗೆ ತೋರಿಸಿಯೇ ಕಳುಹಿಸಿ ಎನ್ನುತ್ತೇನೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ಕೌಂಟರಿನಲ್ಲಿ ನೋಂದಣಿಯೂ ತಲುಪಿದ ಸ್ವೀಕೃತಿಯೂ ಬೇಕೆಂದು ಬಾಯಿಬಿಟ್ಟು ಕೇಳಬೇಕು. ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾದೊಂದಿಗೆ ಲಕೋಟೆ ಹಿಂದಿರುಗಿದರೆ ಅದನ್ನು ಒಡೆಯಬೇಡಿ. ಮುಚ್ಚಿದ ಆ ಲಕೋಟೆಯೇ ನ್ಯಾಯಾಲಯದಲ್ಲಿ ನಿಮ್ಮ ದಾಖಲೆ.

ಪ್ರಶ್ನೆ: ಪೀಣ್ಯದಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ಇದೆ, ಉದ್ಯಮ್ ನೋಂದಣಿಯೂ ಇದೆ. ಕಂಪನಿಯೊಂದು ಎಂಟು ತಿಂಗಳಿಂದ ಬಿಲ್ ಹಣ ಕೊಟ್ಟಿಲ್ಲ. ನೋಟಿಸಿನಲ್ಲಿ ಏನು ಬರೆಯಲಿ?
— ಒಬ್ಬ ಓದುಗ, ಪೀಣ್ಯ

ಉತ್ತರ: ಬಿಲ್ ಸಂಖ್ಯೆ, ಡೆಲಿವರಿ ಚಲನ್, ಸರಕು ಸ್ವೀಕರಿಸಿದ ದಿನಾಂಕ ಬರೆಯಿರಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ ಕರಾರಿನಲ್ಲಿ ಏನೇ ಇದ್ದರೂ ಹಣ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂಬುದನ್ನು ಸ್ಪಷ್ಟವಾಗಿ ನಮೂದಿಸಿ. ಬಹಳಷ್ಟು ಕಂಪನಿಗಳ ಲೆಕ್ಕಪತ್ರ ವಿಭಾಗ ಈ ಒಂದು ಸಾಲಿಗೆ ಕಣ್ಣು ಬಿಡುತ್ತದೆ. ಉತ್ತರ ಬಾರದಿದ್ದರೆ ನೇರವಾಗಿ ಆ ಕಾಯ್ದೆಯಡಿ ಇಂಥ ಬಾಕಿಯ ತಕರಾರುಗಳನ್ನು ಇತ್ಯರ್ಥಪಡಿಸುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಅರ್ಜಿ ಹಾಕಿ.